ಬೂಟ್ ಪಾಲಿಶ್ ಹಚ್ಚಿದ ಪೈಪು

ಲೀಡ್ಸ್, ಮಂಗಳವಾರ

ಪ್ರೀತಿಯ ಅಪ್ಪನಿಗೆ,

ಫೋನ್ ಮಾಡುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ, ಕ್ಷಮಿಸಿ. ಶನಿವಾರ ನೀವೂ ಅಮ್ಮನೂ ನಮ್ಮ ಹಳೆಯ ಸ್ಪೋರ್ಟ್ಸ್ ಕಾರನ್ನು ಹಡಗಿಗೆ ಹತ್ತಿಸಿ, ಆಲ್ಪ್ಸ್ ದಾಟಿ, ಇಟಲಿಯ ಅಜ್ಜಿಯ ಮನೆಗೆ ಹೊರಡುತ್ತೀರಿ. ಅದಕ್ಕೆ ಮೊದಲು ಹಿಂದಿನ ಬ್ರೇಕಿನ ರಬ್ಬರ್ ಪೈಪು ಬದಲಾಯಿಸಬೇಕು.

ರಜೆಗೆ ಮನೆಗೆ ಬಂದಾಗ ನೀವು ಕೊಟ್ಟ ಕೆಲಸಗಳ ಪಟ್ಟಿಯಲ್ಲಿ ಅದೂ ಇತ್ತು. ಆದರೆ ಅದನ್ನು ನಾನು ಬದಲಾಯಿಸಲೇ ಇಲ್ಲ. ತುಕ್ಕು ಹಿಡಿದ ನಟ್ಟು ತಿರುಗಲಿಲ್ಲ. ಎಂಜಿನಿಯರಿಂಗ್ ಸೇರಿದವಳು ಒಂದು ನಟ್ಟಿಗೆ ಸೋತೆ ಎಂದು ಹೇಳಲು ನಾಚಿಕೆಯಾಯಿತು. ಶಾಲೆಯ ಹಾಸ್ಟೆಲಿನಲ್ಲಿ ಹಾಸಿಗೆ ಸರಿಮಾಡದೆಯೇ, ಮಾಡಿದೆನೆಂದು ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆ. ನಿಮ್ಮ ಪಟ್ಟಿಯಲ್ಲೂ ಹಾಗೇ ಹಾಕಿದೆ. ಬಿರುಕು ಕಾಣದಿರಲೆಂದು ಹಳೆಯ ಪೈಪಿಗೆ ಕಪ್ಪು ಬೂಟ್ ಪಾಲಿಶ್ ತಿಕ್ಕಿದೆ.

ನನ್ನ ಕೆಲಸ ನೋಡಲು ನೀವು ಕಾರಿನ ಕೆಳಗೆ ಬಗ್ಗಿದವರು, ಪಕ್ಕದ ಮನೆಯ ಟ್ರ್ಯಾಂಟರ್ ಅವರಿಗೆ ಹೇಳಿದಿರಿ: “ನಿಮ್ಮ ಮಗ ಕಾರು ತೊಳೀತಾನೆ ಅಷ್ಟೇ. ನನ್ನ ಮಗಳು ಬಿಚ್ಚಿ ಜೋಡಿಸ್ತಾಳೆ ಕಣ್ರೀ.”

“ಹಾಗಾದ್ರೆ ನೀವ್ಯಾಕ್ರೀ ಕೆಳಗೆ ತೂರಿ ನೋಡ್ತಿದ್ದೀರಿ?” ಎಂದು ಅವರು ನಕ್ಕರು.

ನೀವು ನೋಡದೆಯೇ ಎದ್ದುಬಿಟ್ಟಿರಿ. ನಾನು ಕೈಗೆ ಹತ್ತಿದ್ದ ಪಾಲಿಶ್ ಒರೆಸಿಕೊಂಡೆ.

ಹೊಸ ಪೈಪು ಡಿಕ್ಕಿಯಲ್ಲಿ, ಸ್ಟೆಪ್ನಿಯ ಕೆಳಗಿದೆ. ಮೆಕ್ಯಾನಿಕ್ ಕೈಲಿ ಹಾಕಿಸಿ. ಟ್ರ್ಯಾಂಟರ್ ಅವರಿಗೆ ನಾನೇ ಬಂದು ನಿಜ ಹೇಳುತ್ತೇನೆ. ಪೈಪು ಬದಲಾಯಿತೆಂದು ಒಂದೇ ಒಂದು ಸಾಲು, ಬೇಗ ಬರೆಯಿರಿ.

ನಿಮ್ಮ
ಲಿವಿಯಾ