ಸೊಟ್ಟ ಎಲಿಯ ಹತ್ತಿ

ಆಗಸ್ಟ್ 4, ಸೋಮವಾರ

ಪಿಯು ಹುಡುಗಿಯರಿಗೆ ಸಸ್ಯ ಹಾರ್ಮೋನ್ ಪಾಠ ಶುರು ಮಾಡೀನಿ. ಶಹಾಪುರದಿಂದ ಆಟೋದಾಗ ಹಿಚುಕಿಕೊಂಡು ನಮ್ಮೂರು ಗೋಗಿಗಿ ಬಂದೆ. ಇವರು ಕಟ್ಟಿ ಮ್ಯಾಲ ಸಪ್ಪಗ ಕುಂತಿದ್ರು. ಕೈಯಾಗ ಹತ್ತಿ ಎಲಿ — ಬೆಂಡಿ ಎಲಿ ಹಂಗ ಸೀಳಿ, ಸೊಟ್ಟ.

"ವೈರಸ್ ಅಂತ, ಪಂಚಶೀಲಾ. ಎಲ್ಲಾ ಕಿತ್ತು ತೊಗರಿ ಬಿತ್ತು ಅಂತಾರ ಅಂಬ್ರಪ್ಪ ಮಾವ."

ಬಾಜೂ ಹೊಲದವರು ಅವರು. ಅನುಭವಸ್ಥರು.

ಆಗಸ್ಟ್ 5, ಮುಂಜಾನಿ

ಹೊಲ ನೋಡಿದೆ. ಹಳೆ ಎಲಿ ಛಲೋ ಅದಾವ. ಹೊಸಾವಷ್ಟೇ ಸೊಟ್ಟ.

"ರೀ, ಹುಳ ಸಾಯೋ ಎಣ್ಣಿ ಯಾವ ಪಂಪಿನಾಗ ಹೊಡದ್ರಿ?"

"ಅಂಬ್ರಪ್ಪ ಮಾವಂದು."

"ಅವರು ಅದರಾಗ ಏನ್ ಹೊಡದಿದ್ರು?"

"ಭತ್ತದ ಗದ್ದಿ ಕಸ ಸಾಯೋ ಎಣ್ಣಿ..." ಅಲ್ಲಿಗೇ ನಿಂತ್ರು. ಪಂಪ್ ತೊಳದಿರಲಿಲ್ಲ. ಪಾಪ, ಮುಖ ನೋಡಲಾಗಲಿಲ್ಲ.

ಬದುವಿನ ಮ್ಯಾಲ ಕುಂತು ಹೇಳಿದೆ. ಗಿಡದಾಗ ಆಕ್ಸಿನ್ ಅಂತ ಹಾರ್ಮೋನ್ ಇರತದ. ಕೆಲವು ಜೀನ್‌ಗಳನ್ನ ಒಂದು ಪ್ರೋಟೀನ್ ತಡದು ಹಿಡದಿರತದ. ಆಕ್ಸಿನ್ ಬಂದ್ರ ಆ ಪ್ರೋಟೀನ್ ನಾಶ ಆಗತದ, ಜೀನ್ ಕೆಲಸ ಶುರು ಮಾಡತಾವ — ಎಲಿ ಹ್ಯಾಂಗ ಬೆಳೀಬೇಕು, ಎಷ್ಟು ಅಗಲ ಆಗಬೇಕು... ಆ ಕಸದ ಎಣ್ಣಿನೂ ಅದನ್ನೇ ಮಾಡತದ. ಆದ್ರ ಗಿಡದಾಗಿಂದ ಲಗೂನ ಹೋಗಂಗಿಲ್ಲ. ಜೀನ್ ಸುಮ್ಮನಾಗಂಗಿಲ್ಲ. ಎಲಿ ದಾರಿ ತಪ್ಪತದ.

"ಸಾಯ್ತಾವೇನು?"

"ಸ್ವಲ್ಪೇ ಬಿದ್ದಿದ್ರ ಮುಂದಿನ ಚಿಗುರು ಸರಿ ಬರತದ. ಕೀಳಬ್ಯಾಡ್ರಿ."

"ಖಾತ್ರಿ ಏನು?"

ಖಾತ್ರಿ ಇಲ್ಲ ಅಂದೆ. ಮಣ್ಣು ಕೆದರಿಕೋತ ಕುಂತ್ರು. ಆಮ್ಯಾಲ — "ಆತು. ನೀ ಹೇಳಿದಿ ಅಂದ್ರ ಕಾಯ್ತೀನಿ."

ಆಗಸ್ಟ್ 11

"ಸುನೀಲಕುಮಾರ, ಹೆಂಡತಿ ಮಾತಿಗಿ ಬೆಳಿ ಕಳಕೊಂತಿ" ಅಂತ ಹೋಟೆಲ್‌ನಾಗ ಮಂದಿ ನಕ್ಕರಂತ. "ಆಕಿ ಅದನ್ನೇ ಓದ್ಯಾಳ" ಅಂದ್ರಂತ ಇವರು. ಅತ್ತಿ ರೊಟ್ಟಿ ಬಡಕೋತ ಹೇಳಿದ್ರು, ನಕ್ಕೋತ. ನನಗ ನಗು ಬರಲಿಲ್ಲ. ತೊಗರಿ ಬಿತ್ತೋ ಟೈಮ್ ಮುಗಿಯಾಕ ಬಂದದ. ನಾ ತಪ್ಪಿದ್ರ...

ಆಗಸ್ಟ್ 23

ಬರಿಯಾಕ ಮನಸ್ಸಿರಲಿಲ್ಲ. ಮೊದಲು ಹೊಡದ ಸಾಲುಗಳಿಗಿ ಕಸದ ಎಣ್ಣಿ ಜಾಸ್ತಿ ಬಿದ್ದಿತ್ತು, ಅವು ಒಣಗಿ ಹೋದವು. ಆದ್ರೂ ಇವರು ದಿನಾ ನನ್ನ ಊಟದ ಡಬ್ಬಿ ಕಟ್ಟತಾರ, ಗಾಡಿ ಮ್ಯಾಲ ಸ್ಟ್ಯಾಂಡ್ ತನ ಬಿಡತಾರ. ಬೈದಿದ್ರ ಹಗುರ ಆಗತಿತ್ತು.

ಆಗಸ್ಟ್ 31, ಐತವಾರ

ಹೊಲದಿಂದ ಫೋನ್. "ಲಗೂನ ಬಾ." ಬರಿಗಾಲಿಲೆ ಓಡಿದೆ. ಕುಡಿಯಾಗ ಹೊಸ ಎಲಿ — ಅಂಗೈ ಹಂಗ ಅಗಲ! ಸಾಲಿಗಿ ಸಾಲು. ನನಗ ಅಳು ಬಂತು. ಇವರು ಗಿಡ ನೋಡವಲ್ರು, ನನ್ನನ್ನೇ ನೋಡಾಕತ್ತಿದ್ರು.

ಅಂಬ್ರಪ್ಪ ಮಾವ ಬದುವಿಗಿ ಬಂದು ನಿಂತ್ರು. "ಇನ್ನ ಮ್ಯಾಲ ಪಂಪ್ ಛಲೋ ತೊಳದು ಕೊಡತೀನವ್ವ."

ಈಗ ಬರಿಯಾಕ ಕುಂತ್ರ ಇವರು ಬಾಜೂಕ ಬಂದು ಕುಂತಾರ. "ನನ್ನ ಬಗ್ಗಿ ಏನ್ ಬರದಿ, ತೋರಸು." ತೋರಸಂಗಿಲ್ಲ ಅಂದೆ. ಪೆನ್ನು ಹಿಡದು ಜಗ್ಗಾಕತ್ಯಾರ. ಬಿಡ್ರಿ, ಅತ್ತಿ ನೋಡಾಕ—