ಬೆನ್ನಿಗೆ ಕಟ್ಟಿದ ಉಸಿರು

ಡೆಡ್ಜಾ, ಮಂಗಳವಾರ

ಚಿಸಾಲೆಯವರಿಗೆ,

ಹೆಸರಿನ ಹಿಂದೆ ‘ಮಾನ್ಯ’ ಸೇರಿಸಲು ಮನಸ್ಸು ಬರಲಿಲ್ಲ.

ನಮ್ಮ ಹೆಂಗಸರು ಕೂಸನ್ನು ಚಿಟೆಂಜೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಹಾಗೆಯೇ ಕಟ್ಟಿಕೊಳ್ಳಲೆಂದು ನಾನು ಆ ಆಮ್ಲಜನಕದ ಯಂತ್ರವನ್ನು ರೂಪಿಸಿದ್ದೆ. ನೀವು ಅದನ್ನು ನಿಮ್ಮ ಕಂಪನಿಯ ಸಭೆಯಲ್ಲಿ ಎತ್ತಿ ತೋರಿಸಿ, “ಇದೇನಮ್ಮಾ, ಯಂತ್ರಾನೋ ಕೂಸೋ? ಹೊರಗಿನವರ ಮುಂದೆ ನನ್ನ ಮಾನ ಕಳೀತೀಯಲ್ಲ!” ಎಂದು ನಕ್ಕಿರಿ. ಹಿಡಿಕೆ ಹಾಕಿಸಿ ಸೂಟ್‌ಕೇಸ್ ಮಾಡಿಸಿದಿರಿ. ಒಪ್ಪದ ನನ್ನನ್ನು ಕೆಲಸದಿಂದ ತೆಗೆದಿರಿ.

ಕೆಲಸ ಹೋದ ಮೇಲೆ ನಾನು ನಮ್ಮಿಬ್ಬರ ಊರಿಗೇ ಮರಳಿದ್ದೆ. ಭಾನುವಾರ ಅಲ್ಲಿ ನಿಮ್ಮ ತಾಯಿಗೆ ಉಸಿರಾಡುವುದೇ ಕಷ್ಟವಾಯಿತು. ಊರಿನ ಗುಡ್ಡ ಇಳಿಯಲು ಬಾಡಿಗೆ ಬೈಕ್ ಬಿಟ್ಟರೆ ಬೇರೇನೂ ಇಲ್ಲ, ನೀವು ಮರೆತಿರಬಹುದು. ಸವಾರನ ಹಿಂದೆ ಅವರು, ಅವರ ಹಿಂದೆ ಎರಡೂ ಕೈಯಿಂದ ಅವರನ್ನು ತಬ್ಬಿ ಹಿಡಿದ ನಾನು. ನಿಮ್ಮ ಸೂಟ್‌ಕೇಸ್ ಹಿಡಿಯಲು ಯಾರಿಗೂ ಕೈ ಬಿಡುವಿರಲಿಲ್ಲ. ಅದನ್ನು ಊರಿನ ಆರೋಗ್ಯ ಕೇಂದ್ರದಲ್ಲೇ ಬಿಟ್ಟು, ನನ್ನ ಹಳೆಯ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು, ಕೊಳವೆಯನ್ನು ಅವರ ಮೂಗಿಗೆ ಸಿಕ್ಕಿಸಿದೆ.

ಇಲ್ಲಿನ ಆಸ್ಪತ್ರೆಯಲ್ಲಿ ಇಳಿಸಿದಾಗ ಅವರಿಗೆ ಅರೆ ಎಚ್ಚರ. ನನ್ನ ಬೆನ್ನು ತಡವಿ, “ದಾರಿಯುದ್ದ ಒಂಚೂರೂ ಅಳಲಿಲ್ವಲ್ಲೇ ಪಾಪ! ಯಾರ ಕೂಸೇ ಇದು?” ಅಂದರು.

“ನಿಮ್ಮ ಮಗ ಬೇಡ ಅಂತ ಬಿಸಾಕಿದ್ದು, ಅಜ್ಜಿ,” ಅಂದೆ.

ಈಗ ಚೇತರಿಸಿಕೊಂಡಿದ್ದಾರೆ, ಗಂಜಿ ಕುಡಿಯುತ್ತಿದ್ದಾರೆ. ಬರುವಾಗ ನನ್ನ ಯಂತ್ರಕ್ಕೊಂದು ಹೊಸ ಬ್ಯಾಟರಿ ತನ್ನಿ. ಹೆತ್ತ ಕೂಸನ್ನು ಬಿಸಾಕಿದ ಮಗ ಬರಲಿ, ವಿಚಾರಿಸಿಕೊಳ್ಳುತ್ತೇನೆ ಎಂದು ಅವರು ಊರುಗೋಲನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ಆ ಕೂಸು ಯಂತ್ರ ಎಂದು ನಾನಿನ್ನೂ ಹೇಳಿಲ್ಲ. ನೀವೇ ಹೇಳಿಕೊಳ್ಳಿ.

ಇಂತಿ,
ಎಂಜಿನಿಯರ್ ಟಿಯಾಮಿಕೆ