ನಾನೂರ ತೊಂಬತ್ತೆಂಟು ಮೆಟ್ಟಿಲು

ಬೊಲೋನ್ಯಾ, ಭಾನುವಾರ
11 ಮೇ 1997

ಮೊರೇನಾ,

'ಪ್ರೀತಿಯ ಮೊರೇನಾ' ಎಂದೇ ಮೊದಲು ಬರೆದಿದ್ದೆ. ಹೊಡೆದುಹಾಕಿ ಬೇರೆ ಹಾಳೆ ತೆಗೆದುಕೊಂಡಿದ್ದೇನೆ. ಆ ಪದ ಇವತ್ತು ನನ್ನ ಕೈಯಿಂದ ಬರುವುದಿಲ್ಲ.

ನಿನ್ನ ಇಯೋಲೆ ಚಿಕ್ಕಮ್ಮ ಬೆಳಿಗ್ಗೆ ಫೆರಾರಾದಿಂದ ಫೋನ್ ಮಾಡಿದ್ದಳು. "ಅಕ್ಕಾ, ಹುಡುಗಿ ಬಂದಾಗಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ. ದೊಡ್ಡವಳು ನೀನು, ನೀನೇ ಒಂದು ಮಾತಾಡು" ಅಂದಳು. ಹಸಿದಾಗ ತಾನೇ ತಿಂತಾಳೆ ಅಂತ ಹೇಳಿ ಫೋನ್ ಇಟ್ಟೆ. ಈಗ ಟಿಕೆಟ್ ಮೇಜಿಗೆ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಇವತ್ತು ತಾಯಂದಿರ ದಿನವಂತೆ. ಗೋಪುರ ಹತ್ತಿಸಲು ಅಮ್ಮಂದಿರನ್ನು ಕರೆದುಕೊಂಡು ಜನ ಸಾಲುಗಟ್ಟಿ ನಿಂತಿದ್ದಾರೆ. ನಡುನಡುವೆ ಅವರಿಗೆ ಟಿಕೆಟ್ ಹರಿದು ಕೊಡಬೇಕು, ಹಾಗಾಗಿ ಅಕ್ಷರ ಸೊಟ್ಟಗಾಗಿರುವುದೆಲ್ಲ ಸಿಟ್ಟಿನಿಂದಲೇ ಅಂದುಕೊಳ್ಳಬೇಡ. ಮುಕ್ಕಾಲು ಪಾಲು ಮಾತ್ರ ಸಿಟ್ಟು.

ನಿಮ್ಮಪ್ಪ ತೀರಿಕೊಂಡ ವರ್ಷದಿಂದ, ಅಂದರೆ ಹತ್ತೊಂಬತ್ತು ವರ್ಷದಿಂದ, ಈ ಅಸಿನೆಲ್ಲಿ ಗೋಪುರದ ಬುಡದಲ್ಲಿ ಕೂತಿದ್ದೇನೆ. ಜಪಾನಿನವರು ಬರುತ್ತಾರೆ, ಜರ್ಮನಿಯವರು ಬರುತ್ತಾರೆ, ಮಿಲಾನಿನ ಶಾಲೆ ಮಕ್ಕಳು ಗಲಾಟೆ ಮಾಡುತ್ತಾ ಬರುತ್ತಾರೆ. ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಾತ್ರ ದಿನಕ್ಕೆ ನಾಲ್ಕು ಸಲ ಬಾಗಿಲ ಮುಂದೆಯೇ ಹಾದುಹೋದರೂ ಒಳಗೆ ಕಾಲಿಡುವುದಿಲ್ಲ. ಡಿಗ್ರಿ ಮುಗಿಯುವ ಮೊದಲೇ ಗೋಪುರ ಹತ್ತಿದವರಿಗೆ ಡಿಗ್ರಿ ಸಿಗುವುದೇ ಇಲ್ಲ ಎಂಬುದು ಈ ಊರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅವರು ಬರುವುದು ಡಿಗ್ರಿ ಆದ ದಿನ. ತಲೆಗೆ ಲಾರೆಲ್ ಎಲೆಯ ಕಿರೀಟ, ಹಿಂದೆ ಪೋಲಿ ಹಾಡು ಹೇಳುವ ಗೆಳೆಯರ ಹಿಂಡು. ಅಂಥ ಒಬ್ಬೊಬ್ಬರಿಗೂ ಟಿಕೆಟ್ ಕೊಡುವಾಗ ನನ್ನ ಮಗಳು ಯಾವಾಗ ಹೀಗೆ ಬರುತ್ತಾಳೋ ಅಂದುಕೊಂಡಿದ್ದೇನೆ. ನಿನ್ನ ಕಿರೀಟಕ್ಕೆಂದೇ ಬಾಲ್ಕನಿಯ ಕುಂಡದಲ್ಲಿ ಲಾರೆಲ್ ಗಿಡ ಇಟ್ಟು ಐದು ವರ್ಷ ನೀರೆರೆದೆ. ನಿನ್ನೆ ಅದರ ಎಲೆ ಬಾಚಿ ಕಿತ್ತು ಮಾಂಸದ ಸಾರಿಗೆ ಹಾಕಿದೆ. ಸಾರು ಕಹಿಯಾಯಿತು, ಚೆಲ್ಲಿದೆ.

ನೀನು ಹತ್ತಿದ್ದು ಗುರುವಾರ, ನನ್ನ ರಜೆಯ ದಿನ. ದಿನ ನೋಡಿಕೊಂಡೇ ಬಂದೆ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ನನ್ನ ಬದಲು ಟಿಕೆಟ್ ಮೇಜಿನ ಹತ್ತಿರ ನೇರಿಯೋ ಇರುತ್ತಾನೆ ಎಂಬುದು ನಿನ್ನ ತಲೆಗೆ ಹೊಳೆಯಲಿಲ್ಲವೇ? ನೀನು ಫ್ರಾಕ್ ಹಾಕುತ್ತಿದ್ದ ಕಾಲದಿಂದ ನಿನ್ನನ್ನು ಬಲ್ಲವನು ಅವನು. ಹೊರಗಿನವನಾಗಿದ್ದರೆ ಟಿಕೆಟ್ ಹರಿದು ಕೊಟ್ಟು ಮರೆತುಬಿಡುತ್ತಿದ್ದ. ಅವನೋ ಅಪ್ಪಟ ಬೊಲೋನ್ಯಾದವನು. ವಿಲ್ಮಾಳ ಮಗಳು ಗೋಪುರ ಹತ್ತಿದಳು ಅಂದಮೇಲೆ ಡಿಗ್ರಿ ಆಯಿತು ಎಂದೇ ತಿಳಿದ, ಶುಕ್ರವಾರ ಬೆಳಿಗ್ಗೆ ಹೆಂಡತಿಯ ಕೈಲಿ ಅಕ್ಕಿಯ ಕೇಕು ಮಾಡಿಸಿಕೊಂಡೇ ಬಂದ.

"ಏನ್ ವಿಲ್ಮಾ, ಮಗಳ ಡಿಗ್ರಿ ಆಗಿದ್ದು ನಮ್ಗೆ ಹೇಳ್ಬಾರ್ದಾ? ಎಲ್ಲಿ ಕೇಕ್ ಕೊಡಿಸ್ಬೇಕಾಗುತ್ತೋ ಅಂತ ಹೆದರ್ಕೊಂಡ್ಯಾ? ತಗೋ, ನಾನೇ ತಂದಿದೀನಿ" ಅಂದ.

ನಾನು ಏನು ಮಾಡಿದೆ ಗೊತ್ತೇ? ಹೌದು, ಈಗಷ್ಟೇ ಆಯಿತು ಅಂದೆ. ಅಲ್ಲಿದ್ದವರೆಲ್ಲರ ಕೈ ಕುಲುಕಿದೆ. ಎರಡು ತುಂಡು ತಿಂದೆ. ನನ್ನನ್ನು ಬೆರಗುಗೊಳಿಸಬೇಕೆಂದು ಪರೀಕ್ಷೆ ಮುಗಿಸಿ ಗುಟ್ಟಾಗಿಟ್ಟಿದ್ದೀಯ ಎಂದು ನಂಬಿದೆ. ಭಾನುವಾರದ ಊಟಕ್ಕೆ ಯಾರು ಯಾರನ್ನು ಕರೆಯಬೇಕು ಎಂದೂ ಲೆಕ್ಕ ಹಾಕಿದೆ. ಮಧ್ಯಾಹ್ನದ ಬಿಡುವಿನಲ್ಲಿ ಝಂಬೋನಿ ರಸ್ತೆಗೆ ಹೋಗಿ, ಕಾನೂನು ವಿಭಾಗದ ಗೋಡೆಗೆ ಅಂಟಿಸಿದ್ದ ಡಿಗ್ರಿ ಆದವರ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಮೂರು ಸಲ ಓದಿದೆ. ನಿನ್ನ ಹೆಸರಿರಲಿಲ್ಲ. ಬಾಯಲ್ಲಿ ಇನ್ನೂ ಕೇಕಿನ ಸಿಹಿ ಇತ್ತು.

ಸಂಜೆ ಕೇಳಿದರೆ ನೀನು ಅಳಲೂ ಇಲ್ಲ. "ಎರಡು ವರ್ಷದಿಂದ ಒಂದ್ ಪರೀಕ್ಷೆಗೂ ಕೂತಿಲ್ಲಮ್ಮ. ಪ್ರೀಮೋ ಮೇಸ್ತ್ರಿ ಹತ್ರ ಗಾರೆ ಕೆಲಸ ಕಲೀತಿದೀನಿ. ಬೀದಿ ಬದಿಯ ಹಳೇ ಕಮಾನುಗಳ ರಿಪೇರಿ" ಅಂದೆ, ಅಂಗಡಿಗೆ ಹೋಗಿ ಹಾಲು ತಂದೆ ಅನ್ನುವ ಹಾಗೆ. ನಿನ್ನ ಕೈ ಬಿರುಕು ಬಿಟ್ಟಿದ್ದು ಸುಣ್ಣದಿಂದ! ಲೈಬ್ರರಿಯ ಧೂಳು ಒಗ್ಗುವುದಿಲ್ಲ ಎಂದು ನನ್ನ ಕಿವಿಗೆ ಹೂವಿಟ್ಟೆ. ನಾನೊಬ್ಬಳು ಪೆದ್ದಿ, ಔಷಧಿ ಅಂಗಡಿಯಿಂದ ಮುಲಾಮು ತಂದು ದಿನಾ ಊಟವಾದ ಮೇಲೆ ಆ ಕೈಗೆ ಹಚ್ಚುತ್ತಾ ಕೂತೆ.

ಹೋಗಲಿ, ಆ ಗೋಪುರ ಯಾಕೆ ಹತ್ತಿದೆ ಎಂದರೆ, "ಬೇಕಂತಲೇ ಹತ್ತಿದೆ. ವಾಪಸ್ ಹೋಗೋ ಆಸೆನೇ ಉಳೀಬಾರ್ದು ಅಂತ" ಅಂದೆ. ಅಷ್ಟಕ್ಕೇ ಬಿಡಲಿಲ್ಲ, ಪಾಠವನ್ನೂ ಶುರುಮಾಡಿದೆ. ಗೋಡೆ ಬುಡದಲ್ಲಿ ಎಷ್ಟು ದಪ್ಪ, ಮೇಲೆ ಹೋದ ಹಾಗೆಲ್ಲ ಹೇಗೆ ತೆಳ್ಳಗಾಗುತ್ತದೆ, ಮರದ ಮೆಟ್ಟಿಲು ತಿರುಗುವಲ್ಲೆಲ್ಲ ಇಟ್ಟಿಗೆಗೆ ಕಿಂಡಿಯ ಬೆಳಕು ಹೇಗೆ ಬೀಳುತ್ತದೆ, ಒಂಬೈನೂರು ವರ್ಷದ ಹಿಂದಿನ ಗಾರೆಯವನ ಬೆರಳ ಗುರುತು ಎಲ್ಲಿದೆ. ಗೋಪುರದ ಕೆಳಗೆ ಹತ್ತೊಂಬತ್ತು ವರ್ಷ ಕೂತವಳಿಗೆ ನೀನು ಗೋಪುರ ವರ್ಣಿಸುತ್ತಿದ್ದೆ. ಆಗ ನಿನ್ನ ಮುಖ ಎಷ್ಟು ಬೆಳಗುತ್ತಿತ್ತು ಅಂದರೆ, ನನಗೆ ಒಂದು ಬಾರಿಸಬೇಕು ಅನ್ನಿಸಿತು.

ಓದನ್ನು ಅರ್ಧಕ್ಕೆ ಬಿಟ್ಟವರ ಗತಿ ಏನಾಗುತ್ತದೆ ಗೊತ್ತೇನೇ ಎಂದು ಕೂಗಿದ್ದಕ್ಕೆ, "ಸಾನ್ ಪೆತ್ರೋನಿಯೋ ಚರ್ಚಿನ ಮುಖಾನೇ ಅರ್ಧಕ್ಕೆ ನಿಂತಿದೆ. ಕೆಳಗೆ ಅಮೃತಶಿಲೆ, ಮೇಲೆ ಬರೀ ಇಟ್ಟಿಗೆ. ಆರುನೂರು ವರ್ಷದಿಂದ ಜನ ಅದನ್ನೇ ಬಂದು ನೋಡ್ತಿಲ್ವಾ?" ಅಂದೆ. ವಕೀಲಿಕೆ ಓದಿದ್ದು ನಿನಗೆ ಇಷ್ಟಕ್ಕಾದರೂ ಉಪಯೋಗವಾಯಿತಲ್ಲ. ಚರ್ಚು ಅವರಮ್ಮನಿಗೆ ಸುಳ್ಳು ಹೇಳಿರಲಿಲ್ಲ ಕಣೇ ಎಂದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ನೀನು ಫೆರಾರಾದ ರೈಲು ಹತ್ತಿದ್ದೆ.

ಅದಕ್ಕೂ ಮೊದಲು ನೀನು ಮೆಲ್ಲಗೆ ಇನ್ನೊಂದು ಕೇಳಿದೆ. "ನೀನ್ ಯಾಕಮ್ಮ ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹತ್ತಿಲ್ಲ?" ನನ್ನ ಮೊಣಕಾಲಿನ ಕಥೆ ನಿನಗೆ ಗೊತ್ತಿಲ್ಲವೇ, ನಾನೂರ ತೊಂಬತ್ತೆಂಟು ಮೆಟ್ಟಿಲು ಹತ್ತುವ ಮೊಣಕಾಲೇ ಇದು ಎಂದು ರೇಗಿದೆ. ಆಮೇಲೆ ಮನೆ ಬಿಟ್ಟು ಹೋಗು ಅಂದೆ. ಮೊಣಕಾಲಿಗೂ ಆ ಮಾತಿಗೂ ಏನು ಸಂಬಂಧ ಎಂದು ನೀನು ಮುಖ ನೋಡುತ್ತಾ ನಿಂತಿದ್ದು ಕಣ್ಣಿಗೆ ಕಟ್ಟಿದೆ.

ಇವತ್ತು ಬಾಗಿಲು ತೆಗೆಯುವಾಗ ನೇರಿಯೋಗೆ ನಿಜ ಹೇಳಿದೆ. ಸುಳ್ಳಿನ ಕೇಕು ಹೊಟ್ಟೆಯಲ್ಲಿಟ್ಟುಕೊಂಡು ಅವನ ಪಕ್ಕ ಕೂರಲಾಗಲಿಲ್ಲ. ಅವನು ತುಂಬಾ ಹೊತ್ತು ಕಿವಿ ಕೆರೆದುಕೊಂಡ. "ಹಂಗಾದ್ರೆ ನನ್ ಕೇಕ್ ವಾಪಸ್ ಕೊಡು" ಅಂದ. ಆಮೇಲೆ, "ಪ್ರೀಮೋ ಮೇಸ್ತ್ರಿ ಮಹಾ ಮುಂಗೋಪಿ. ಯಾರನ್ನೂ ಎರಡ್ ತಿಂಗ್ಳು ಇಟ್ಕೊಳ್ಳೋನಲ್ಲ. ಎರಡ್ ವರ್ಷ ಇಟ್ಕೊಂಡಿದಾನೆ ಅಂದ್ರೆ ಹುಡುಗಿ ಕೈ ಚೆನ್ನಾಗಿರ್ಬೇಕು ಬಿಡು" ಅಂದ. ಅದನ್ನು ಕೇಳಿ ಸಿಟ್ಟು ಇಳಿಯುವ ಬದಲು ಏರಿತು. ನಿನ್ನ ಕೈ ಚೆನ್ನಾಗಿದೆ ಎಂದು ಊರಿನ ಮೇಸ್ತ್ರಿಗೆ ಗೊತ್ತು. ಹೆತ್ತವಳಿಗೆ ಮಾತ್ರ ಮುಲಾಮು.

ಗಾರೆ ಕೆಲಸ ಕೀಳು ಎಂದು ನಾನು ಯಾವತ್ತೂ ಅಂದವಳಲ್ಲ. ಸಿಟ್ಟು ಸುಳ್ಳಿಗೆ. ಅದು ಇನ್ನೂ ಇಳಿದಿಲ್ಲ, ಇಷ್ಟು ಬೇಗ ಇಳಿಯುವುದೂ ಇಲ್ಲ. ಆದರೆ ಮನೆ ಬಿಟ್ಟು ಹೋಗು ಅಂದದ್ದು ತಪ್ಪು, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಚಿಕ್ಕಮ್ಮನ ಮನೆಯಲ್ಲಿ ಉಪವಾಸದ ನಾಟಕ ಸಾಕು, ಹಾಕಿದ್ದನ್ನು ತಿನ್ನು.

ನಿನ್ನ ಅಮ್ಮ,
ವಿಲ್ಮಾ

ತಾ.ಕ.: ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಮೇಜುಬಟ್ಟೆ ಇಡುವ ಕಪಾಟಿನ ಕೆಳಗಿನ ಖಾನೆಯಲ್ಲಿ ಪರೀಕ್ಷೆಯ ಅಂಕ ಬರೆಯುವ ಸಣ್ಣ ಪುಸ್ತಕವೊಂದಿದೆ. ಸಾಹಿತ್ಯ ವಿಭಾಗ, ನನ್ನ ಹೆಸರು, ನನ್ನ ಫೋಟೋ. ನೀನು ಹೊಟ್ಟೆಯಲ್ಲಿದ್ದಾಗ ಮೂರು ಪರೀಕ್ಷೆ ಬಾಕಿ ಇದ್ದವು. ಇವತ್ತಿಗೂ ಅವೇ ಮೂರು ಬಾಕಿ. ಮಗು ಒಂದಿಷ್ಟು ದೊಡ್ಡದಾಗಲಿ, ಮುಗಿಸುತ್ತೇನೆ ಎಂದುಕೊಂಡೇ ಇದ್ದೆ. ಗೋಪುರ ಹತ್ತಿಬಿಟ್ಟರೆ ಡಿಗ್ರಿ ಇನ್ನು ಸಿಗುವುದೇ ಇಲ್ಲವಲ್ಲ ಎಂದು ಹತ್ತೊಂಬತ್ತು ವರ್ಷ ಕೆಳಗೇ ಕೂತೆ. ಈ ಗುರುವಾರ ನನಗೆ ರಜೆ. ಹತ್ತು ಗಂಟೆಗೆ ಬಾಗಿಲ ಹತ್ತಿರ ಬಾ. ನೀನು ಮುಂದೆ ಹತ್ತು, ನಾನು ಹಿಂದೆ ಬರುತ್ತೇನೆ. ಮೇಲೆ ಹೋದಮೇಲೆ ನೀನು ರಿಪೇರಿ ಮಾಡಿದ ಕಮಾನು ಇರುವುದು ಯಾವ ಬೀದಿಯಲ್ಲಿ ಎಂದು ತೋರಿಸು.